ಕಾರು ಊರೂರು ಸುತ್ತಿತು, ಲಾರಿ ಯಾಕೆ ಬರಲಿಲ್ಲ?

(ದಾವಣಗೆರೆಯ ಡಿಪ್ಲೊಮಾ ಕಾಲೇಜೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಎದುರಿಗೆ ಆಟೊಮೊಬೈಲ್ ವಿಭಾಗದ ಹುಡುಗರಿದ್ದರು, ಊರಿನ ಕೆಲವು ಲಾರಿ ಮಾಲೀಕರೂ ಇದ್ದರು. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಸಣ್ಣ ಪರೀಕ್ಷೆ. ಹ್ಯುಂಡೈ ಕಾರಿನಲ್ಲಿ ಒಮ್ಮೆಯಾದರೂ ಕೂತವರು ಕೈ ಎತ್ತಿ. ಸರಿ, ಹೆಚ್ಚುಕಮ್ಮಿ ಎಲ್ಲರೂ. ಈಗ ಹ್ಯುಂಡೈ ಲಾರಿ ನೋಡಿದವರು ಕೈ ಎತ್ತಿ.

(ಒಂದೇ ಕೈ ಮೇಲೆದ್ದಿತು. ಮೂರನೇ ಸಾಲಿನಲ್ಲಿ ಕೂತಿದ್ದ ಹಿರಿಯರದು. "ಸೌದಿಯಲ್ಲಿ ಇದ್ದೆ ಸರ್, ದಮ್ಮಾಮ್‌ನಲ್ಲಿ. ಅಲ್ಲಿ ಓಡಿಸಿದ್ದೀನಿ" ಎಂದರು.)

ನೋಡಿ, ಲಾರಿಗಳ ಊರು ಅಂತ ಹೆಸರಾದ ಕಡೆ ಕೂತಿದ್ದೇವೆ. ಇಷ್ಟು ಜನರಲ್ಲಿ ಒಬ್ಬರು ಮಾತ್ರ ಆ ಲಾರಿ ನೋಡಿದ್ದಾರೆ, ಅದೂ ಸಮುದ್ರ ದಾಟಿ ಹೋಗಿ. ಹಾಗಂತ ಹ್ಯುಂಡೈ ಲಾರಿ ಮಾಡುವುದಿಲ್ಲ ಅಂದುಕೊಳ್ಳಬೇಡಿ. ಒಂದು ಟನ್ನಿನ ಸಣ್ಣ ಗಾಡಿಯಿಂದ ಹಿಡಿದು ಹೈಡ್ರೋಜನ್‌ನಲ್ಲಿ ಓಡುವ ದೊಡ್ಡ ಲಾರಿಯವರೆಗೆ ಎಲ್ಲವನ್ನೂ ಮಾಡುತ್ತದೆ. ಬಸ್ಸೂ ಮಾಡುತ್ತದೆ. ಆದರೆ ಕಾರು ಹೋದಷ್ಟು ದೂರ ಅದರ ಲಾರಿ ಹೋಗಲಿಲ್ಲ. ಯಾಕೆ ಅನ್ನುವುದೇ ಇವತ್ತಿನ ಮಾತು.

ಒಂದು ದೃಶ್ಯದಿಂದ ಶುರು ಮಾಡುತ್ತೇನೆ. 1998ರ ಜೂನ್ 16. ದಕ್ಷಿಣ ಕೊರಿಯಾದಿಂದ ಉತ್ತರ ಕೊರಿಯಾಕ್ಕೆ ಗಡಿ ದಾಟಿ ಲಾರಿಗಳ ಸಾಲೊಂದು ಹೊರಟಿತು. ಲಾರಿಗಳ ತುಂಬ ದನಗಳು, ಒಟ್ಟು 500. ಜೊತೆಗೆ ಹೊರಟವರು 82 ವರ್ಷದ ಚುಂಗ್ ಜು-ಯುಂಗ್, ಹ್ಯುಂಡೈ ಕಟ್ಟಿದವರು. ಅವರ ಹುಟ್ಟೂರು ಈಗ ಉತ್ತರ ಕೊರಿಯಾದಲ್ಲಿದೆ. ಹುಡುಗನಾಗಿದ್ದಾಗ ಅಪ್ಪ ಹಸು ಮಾರಿ ಇಟ್ಟಿದ್ದ ದುಡ್ಡನ್ನು ಎತ್ತಿಕೊಂಡು ಮನೆ ಬಿಟ್ಟು ಓಡಿಹೋಗಿದ್ದರಂತೆ. ಆ ಒಂದು ಹಸುವಿನ ಸಾಲ ತೀರಿಸಲು ಆ ವರ್ಷ ಎರಡು ಕಂತಿನಲ್ಲಿ 1,001 ದನಗಳನ್ನು ಕಳಿಸಿದರು. ಎರಡನೇ ಕಂತು ಅಕ್ಟೋಬರಿನಲ್ಲಿ, 501. ಆ ಒಂದು ಜಾಸ್ತಿ ಯಾಕೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಾವು ಮುಯ್ಯಿಗೆ 101 ಇಡುವವರು ತಾನೇ?

ಈ ಮನುಷ್ಯನ ವಾಹನದ ನಂಟು ಶುರುವಾಗಿದ್ದು ಗ್ಯಾರೇಜಿನಿಂದ. 1940ರಲ್ಲಿ ಸಿಯೋಲ್‌ನಲ್ಲಿ ಒಂದು ರಿಪೇರಿ ಅಂಗಡಿ ಹಿಡಿದರು. ಸ್ವಲ್ಪ ದಿನಕ್ಕೇ ಬೆಂಕಿ ಬಿತ್ತು. ಮತ್ತೆ ಸಾಲ ಮಾಡಿ ನಿಲ್ಲಿಸಿದರು. ಹ್ಯುಂಡೈ ಮೋಟಾರ್ ಕಂಪನಿ ಹುಟ್ಟಿದ್ದು 1967ರ ಡಿಸೆಂಬರಿನಲ್ಲಿ. ಮರುವರ್ಷ ಉಲ್ಸಾನ್‌ನಲ್ಲಿ ಫೋರ್ಡ್‌ನವರ ಕೊರ್ಟಿನಾ ಕಾರನ್ನು ಜೋಡಿಸಿಕೊಡುವ ಕೆಲಸ. ಸ್ವಂತ ಕಾರು ಪೋನಿ ಬಂದಿದ್ದು 1975ರಲ್ಲಿ. 1976ರಲ್ಲಿ ಅದು ಈಕ್ವೆಡಾರ್‌ಗೆ ಹೊರಟಿತು. ಹತ್ತು ವರ್ಷ ಆದ ಮೇಲೆ ಎಕ್ಸೆಲ್ ಅನ್ನುವ ಕಾರು ಅಮೆರಿಕಕ್ಕೆ ಹೋಗಿ ಮೊದಲ ವರ್ಷವೇ 1,68,882 ಮಾರಾಟವಾಯಿತು. ಅಲ್ಲಿಂದ ಮುಂದಿನ ಕಾರಿನ ಕಥೆ ನಿಮಗೆಲ್ಲ ಗೊತ್ತಿದೆ. ಟರ್ಕಿ, ಚೆನ್ನೈ, ಬೀಜಿಂಗ್, ಅಲಬಾಮಾ, ಚೆಕ್ ದೇಶ, ಬ್ರೆಜಿಲ್, ಇಂಡೋನೇಷ್ಯಾ, ಎಲ್ಲ ಕಡೆ ಕಾರ್ಖಾನೆ. ಕೆನಡಾದ ಬ್ರೊಮಾಂಟ್‌ನಲ್ಲಿ 1989ರಲ್ಲಿ ತೆರೆದದ್ದನ್ನು ನಾಲ್ಕೇ ವರ್ಷಕ್ಕೆ ಮುಚ್ಚಿ ಕೈ ಸುಟ್ಟುಕೊಂಡಿದ್ದೂ ಉಂಟು.

ಇನ್ನು ಲಾರಿ, ಬಸ್ಸಿನ ಕಥೆಗೆ ಬರೋಣ. ಅದು ಶುರುವಾಗುವುದು ಹ್ಯುಂಡೈನಿಂದಲ್ಲ.

ಕೊರಿಯಾ ಯುದ್ಧ ಮುಗಿದಾಗ ಅಲ್ಲಿ ತಗಡು ಕೂಡ ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ಅಮೆರಿಕದ ಸೇನೆ ಬಿಸಾಕಿದ ಎಣ್ಣೆ ಡ್ರಮ್ಮು ಮತ್ತು ಗುಜರಿ ಲಾರಿಗಳು. ಹಾ ಡಾಂಗ್-ಹ್ವಾನ್ ಅನ್ನುವವರು 1954ರಲ್ಲಿ ಒಂದು ವರ್ಕ್‌ಶಾಪ್ ಹಾಕಿದರು. ಡ್ರಮ್ಮು ಸೀಳಿ, ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿ, ಗುಜರಿ ಎಂಜಿನ್ ಕೂರಿಸಿ ಬಸ್ಸು ಕಟ್ಟುತ್ತಿದ್ದರು. ನಮ್ಮಲ್ಲೂ ಚಾಸಿ ತಂದುಕೊಟ್ಟರೆ ಬಾಡಿ ಕಟ್ಟಿಕೊಡುವವರು ಇದ್ದಾರಲ್ಲ, ಹಾಗೆಯೇ. ಇವರು ಕಟ್ಟಿದ ಬಸ್ಸು 1966ರಲ್ಲಿ ಬ್ರೂನೈ ದೇಶಕ್ಕೆ ಹೋಯಿತು. ಅಂದರೆ ಪೋನಿ ಕಾರು ಹಡಗು ಹತ್ತುವ ಹತ್ತು ವರ್ಷ ಮೊದಲೇ ಕೊರಿಯಾದ ಬಸ್ಸು ಹೊರದೇಶಕ್ಕೆ ಹೋಗಿತ್ತು.

ಆ ವರ್ಕ್‌ಶಾಪೇ ಮುಂದೆ ಸಾಂಗ್‌ಯಾಂಗ್ ಕಂಪನಿಯಾಯಿತು. ಈ ಹೆಸರು ಕೇಳಿದ್ದೀರಾ? 2011ರಲ್ಲಿ ಅದನ್ನು ಕೊಂಡದ್ದು ನಮ್ಮ ಮಹೀಂದ್ರಾ. ಆ ಸಂಬಂಧ ಉಳಿಯಲಿಲ್ಲ. 2020ರ ಕೊನೆಗೆ ಕಂಪನಿ ಕೋರ್ಟಿನ ಮೆಟ್ಟಿಲು ಹತ್ತಿತು, 2022ರಲ್ಲಿ ಕೊರಿಯಾದವರದೇ ಕೈಗೆ ವಾಪಸ್ ಹೋಯಿತು. ಭಾರತದ ಕೈಗೆ ಬಂದ ಇನ್ನೊಂದು ಕೊರಿಯಾ ಕಂಪನಿ ಇದೆ, ಅದು ಇನ್ನೂ ನಮ್ಮವರ ಹತ್ತಿರವೇ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಈಗ 1981ಕ್ಕೆ ಬನ್ನಿ. ಈ ವರ್ಷ ಗೊತ್ತಿಲ್ಲದೆ ಕೊರಿಯಾದ ಲಾರಿ ಅರ್ಥವಾಗುವುದಿಲ್ಲ. ಎರಡನೇ ತೈಲ ಬಿಕ್ಕಟ್ಟು ಬಂದು ಅಲ್ಲಿನ ವಾಹನ ಕಂಪನಿಗಳೆಲ್ಲ ಮುಗ್ಗರಿಸಿದ್ದವು. ಆಗ ಇದ್ದದ್ದು ಮಿಲಿಟರಿ ಸರ್ಕಾರ. ಅದು ಕೂತು ಹಂಚಿಕೆ ಮಾಡಿತು, ಅಣ್ಣತಮ್ಮಂದಿರಿಗೆ ಹೊಲ ಪಾಲು ಮಾಡಿದ ಹಾಗೆ. ಹ್ಯುಂಡೈ ಮತ್ತು ಡೇವೂ ಗುಂಪಿನವರು ಕಾರು ಮಾಡಿ. ಕಿಯಾ, ನೀನು ಕಾರು ಬಿಡು, ಒಂದರಿಂದ ಐದು ಟನ್ನಿನ ಲಾರಿ ಮಾಡು. ಹ್ಯುಂಡೈ 1977ರಿಂದ ಮಾಡುತ್ತಿದ್ದ ಪೋರ್ಟರ್ ಅನ್ನುವ ಸಣ್ಣ ಲಾರಿಯನ್ನು ನಿಲ್ಲಿಸಬೇಕಾಯಿತು.

ಕಾರು ಕಳಕೊಂಡ ಕಿಯಾ ಮುಳುಗಿತು ಅಂತ ಎಲ್ಲರೂ ಅಂದುಕೊಂಡರು. ಆದದ್ದೇ ಬೇರೆ. ಕಿಯಾ ಹತ್ತಿರ ಜಪಾನಿನ ಮಜ್ದಾದಿಂದ ಬಂದ ಬೊಂಗೊ ಅನ್ನುವ ಸಣ್ಣ ಲಾರಿ ಇತ್ತು. ಅದೇ ಚಾಸಿ ಮೇಲೆ ಸೀಟು ಹಾಕಿ, ಮಾಡು ಮುಚ್ಚಿ ಒಂದು ವ್ಯಾನ್ ಮಾಡಿದರು. ಅಂಗಡಿಯವರು ತಗೊಂಡರು, ಮನೆಮಂದಿ ತಗೊಂಡರು, ಸ್ಕೂಲಿನವರೂ ತಗೊಂಡರು. ಕಂಪನಿ ಎದ್ದು ನಿಂತಿತು. ಇವತ್ತಿಗೂ ಕೊರಿಯನ್ನರು ಯಾವುದೇ ಕಂಪನಿಯ ವ್ಯಾನನ್ನು ಬೊಂಗೊ ಅಂತಲೇ ಕರೆಯುತ್ತಾರೆ. ನಾವು ಅಗೆಯುವ ಯಂತ್ರಕ್ಕೆಲ್ಲ ಜೆಸಿಬಿ ಅನ್ನುವುದಿಲ್ವಾ, ಹಾಗೆ.

1986ರ ಹೊತ್ತಿಗೆ ಆ ಕಟ್ಟು ಸಡಿಲವಾಯಿತು. ಹ್ಯುಂಡೈ ಮಿತ್ಸುಬಿಷಿ ಗಾಡಿಯೊಂದನ್ನು ಆಧಾರ ಮಾಡಿಕೊಂಡು ಪೋರ್ಟರನ್ನು ವಾಪಸ್ ತಂದಿತು. 1997ರಲ್ಲಿ ಕಿಯಾ ದಿವಾಳಿಯಾದಾಗ ಮರುವರ್ಷ ಅದನ್ನು ಕೊಂಡದ್ದೂ ಹ್ಯುಂಡೈಯೇ. ಹಾಗಾಗಿ ಈಗ ಪೋರ್ಟರ್ ಮತ್ತು ಬೊಂಗೊ ಒಂದೇ ಮನೆಯ ಇಬ್ಬರು ಮಕ್ಕಳು. ಬೀದಿಯಲ್ಲಿ ಮಾತ್ರ ಪೈಪೋಟಿ.

(ಒಬ್ಬ ಹುಡುಗ: "ಸರ್, ಪೋರ್ಟರ್ ಅಂದ್ರೆ ಮನೆ ಸಾಮಾನು ಸಾಗಿಸೋಕೆ ಬುಕ್ ಮಾಡ್ತೀವಲ್ಲ, ಅದಾ?" ಎಲ್ಲರೂ ನಕ್ಕರು.)

ಅಲ್ಲಪ್ಪ. ಅದು ನಮ್ಮ ಬೆಂಗಳೂರಿನ ಕಂಪನಿ. ಆದರೆ ಮಾಡುವ ಕೆಲಸ ನೋಡಿದರೆ ನಿನ್ನ ಪ್ರಶ್ನೆ ತಪ್ಪೇನಲ್ಲ. ಕೊರಿಯಾದ ಪೋರ್ಟರ್ ಅಂದರೆ ಒಂದು ಟನ್ ಲೋಡಿನ, ಮೂತಿ ಇಲ್ಲದ ಗಾಡಿ. ನಮ್ಮ ಟಾಟಾ ಏಸ್‌ಗೆ ದೊಡ್ಡಣ್ಣ ಅನ್ನಿ. ತರಕಾರಿ ಮಾರುವವರು, ಮನೆ ಖಾಲಿ ಮಾಡಿಸುವವರು, ಕೊರಿಯರ್‌ನವರು, ರೈತರು, ಎಲ್ಲರ ಕೈಯಲ್ಲೂ ಅದೇ. ಸ್ಪೀಕರ್ ಕಟ್ಟಿಕೊಂಡು "ಮೊಟ್ಟೆ ಬಂತು, ಮೊಟ್ಟೆ ಬಂತು" ಅಂತ ರೆಕಾರ್ಡ್ ಹಾಕಿ ಓಣಿ ಸುತ್ತುವ ಗಾಡಿ ಅಲ್ಲೂ ಇದೆ. ನಮ್ಮ ಈರುಳ್ಳಿ ಗಾಡಿಯವರು ಅಲ್ಲಿಗೆ ಹೋದರೆ ಅವರಿಗೆ ಏನೂ ಹೊಸದು ಅನ್ನಿಸುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. 2021 ಮತ್ತು 2022, ಈ ಎರಡೂ ವರ್ಷ ಕೊರಿಯಾದಲ್ಲಿ ಅತಿ ಜಾಸ್ತಿ ಮಾರಾಟವಾದ ವಾಹನ ಯಾವುದು? ಕಾರಲ್ಲ, ಪೋರ್ಟರ್. ವರ್ಷಕ್ಕೆ 92 ಸಾವಿರದ ಮೇಲೆ. ಅಲ್ಲಿಯವರು ಈ ಅಂಕಿಯನ್ನು ನೋಡಿ ಖುಷಿಪಡುವುದಿಲ್ಲ, ಸ್ವಲ್ಪ ಗಾಬರಿಯಾಗುತ್ತಾರೆ. ಪೋರ್ಟರ್ ಚೆನ್ನಾಗಿ ಮಾರಾಟವಾದರೆ ಕಾಲ ಕೆಟ್ಟಿದೆ ಅನ್ನುವ ಮಾತೇ ಅಲ್ಲಿದೆ. ಕೆಲಸ ಹೋದವನು ಬಂದ ದುಡ್ಡಿನಲ್ಲಿ ಒಂದು ಪೋರ್ಟರ್ ತಗೊಂಡು ಸ್ವಂತ ದಂಧೆ ಶುರು ಮಾಡುತ್ತಾನೆ ಅನ್ನುವ ಲೆಕ್ಕ. ಈ ಲೆಕ್ಕ ಪೂರ್ತಿ ನಿಜ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ದೇಶ ಲಾರಿ ಮಾರಾಟ ನೋಡಿ ತನ್ನ ಜ್ವರ ಅಳೆದುಕೊಳ್ಳುವುದು ನನಗೆ ಇಷ್ಟವಾದ ಸಂಗತಿ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. 2024ರ ಜನವರಿಯಿಂದ ಅಲ್ಲಿ ಸರಕು ಹಂಚುವ ಸಣ್ಣ ಗಾಡಿಗಳನ್ನು ಡೀಸೆಲ್‌ನಲ್ಲಿ ಹೊಸದಾಗಿ ನೋಂದಾಯಿಸುವ ಹಾಗಿಲ್ಲ. ಪೋರ್ಟರ್‌ನ ಡೀಸೆಲ್ ಎಂಜಿನ್ ಆಗಲೇ ನಿಂತುಹೋಯಿತು. ಈಗ ಸಿಗುವುದು ಗ್ಯಾಸಿನದು ಮತ್ತು ಕರೆಂಟಿನದು. ಕರೆಂಟಿನ ಗಾಡಿ 2019ರ ಕೊನೆಗೆ ಬಂತು. ಒಂದು ಸಲ ಚಾರ್ಜ್ ಮಾಡಿದರೆ 211 ಕಿಲೋಮೀಟರ್ ಅಂತ ಕಂಪನಿ ಹೇಳಿತು. ಚಳಿಗಾಲದಲ್ಲಿ, ಲೋಡು ಹಾಕಿದಾಗ ಅಷ್ಟು ಬರುತ್ತದಾ? ಬ್ಯಾಟರಿ ಗಾಡಿ ಓಡಿಸುವ ಯಾರನ್ನಾದರೂ ಕೇಳಿ, ಅವರು ನಕ್ಕು ಸುಮ್ನಾಗುತ್ತಾರೆ.

ಇದು ಸಣ್ಣ ಗಾಡಿ ಆಯಿತು. ದೊಡ್ಡ ಲಾರಿಗೆ ಹೋಗೋಣ. ಕೊರಿಯಾದ ನೈರುತ್ಯ ಮೂಲೆಯಲ್ಲಿ ಭತ್ತದ ಬಯಲು ಸೀಮೆಯಿದೆ, ಹೊನಾಮ್ ಅಂತ. ಅಲ್ಲಿನ ಜಿಯೊಂಜು ಊರಿನ ಪಕ್ಕ ಹ್ಯುಂಡೈ 1995ರಲ್ಲಿ ಲಾರಿ ಮತ್ತು ಬಸ್ಸಿನ ಕಾರ್ಖಾನೆ ತೆರೆಯಿತು. ವರ್ಷಕ್ಕೆ ಒಂದು ಲಕ್ಷ ವಾಹನ ಮಾಡುವ ತಾಕತ್ತು ಅದಕ್ಕಿದೆ. ಅದೇ ಪ್ರಾಂತ್ಯದ ಗುನ್ಸಾನ್ ಬಂದರಿನಲ್ಲಿ ಡೇವೂ ಕಂಪನಿಯ ಲಾರಿ ಕಾರ್ಖಾನೆ. ಒಂದೇ ಸೀಮೆ, ಎರಡು ಕಾರ್ಖಾನೆ. 2004ರಲ್ಲಿ ಎರಡರ ಹಣೆಬರಹವೂ ಬದಲಾಯಿತು.

ಮೊದಲು ಜಿಯೊಂಜು. 2000ದಲ್ಲಿ ಮರ್ಸಿಡಿಸ್ ಮಾಲೀಕರಾದ ಡೈಮ್ಲರ್‌ಕ್ರೈಸ್ಲರ್‌ನವರು ಹ್ಯುಂಡೈನಲ್ಲಿ ಹತ್ತಿರ ಹತ್ತಿರ ಶೇ 10ರಷ್ಟು ಪಾಲು ಕೊಂಡರು. ಅವರ ಕಣ್ಣು ಇದ್ದದ್ದು ಲಾರಿ ಮೇಲೆ. ಜಿಯೊಂಜು ಕಾರ್ಖಾನೆಯನ್ನು ಅರ್ಧ ಅರ್ಧ ಪಾಲುದಾರಿಕೆಯಲ್ಲಿ ನಡೆಸುವುದು, ಮರ್ಸಿಡಿಸ್ ಎಂಜಿನ್ ಅಲ್ಲೇ ಮಾಡುವುದು, ಏಷ್ಯಾಕ್ಕೆಲ್ಲ ಲಾರಿ ಕಳಿಸುವುದು ಅಂತ ಯೋಜನೆ. ಕೇಳುವುದಕ್ಕೆ ಚೆನ್ನಾಗಿತ್ತು, ನಡೆಯಲಿಲ್ಲ. ಜಿಯೊಂಜುವಿನ ಕಾರ್ಮಿಕ ಸಂಘ ಬೇಡ ಅಂದಿತು. ಇನ್ನೊಂದು ಕಡೆ ಚೀನಾದಲ್ಲಿ ತಕರಾರು. ಹ್ಯುಂಡೈ ಬೀಜಿಂಗ್‌ನ ಒಂದು ಕಂಪನಿ ಜೊತೆ ಕೈ ಜೋಡಿಸಿತ್ತು. ಅದೇ ಕಂಪನಿ ಜೊತೆ ಡೈಮ್ಲರ್ ಕೂಡ ಮಾತಿಗೆ ಕೂತಿತು. ಹ್ಯುಂಡೈಗೆ ಸಿಟ್ಟು ಬಂತು. 2004ರ ಮೇ ತಿಂಗಳಲ್ಲಿ ಇಬ್ಬರೂ ಬೇರೆಯಾದರು. ಡೈಮ್ಲರ್ ತನ್ನ ಪಾಲು ಮಾರಿ ಹೊರಟಿತು.

ಈಗ ಗುನ್ಸಾನ್. 1999ರಲ್ಲಿ ಡೇವೂ ಗುಂಪು ಕುಸಿದುಬಿತ್ತು. ನಮ್ಮಲ್ಲಿ ಸಿಯೆಲೊ, ಮ್ಯಾಟಿಜ್ ಮಾರುತ್ತಿದ್ದ ಅದೇ ಡೇವೂ. ಕಾರಿನ ವ್ಯವಹಾರ ಜನರಲ್ ಮೋಟಾರ್ಸ್ ಪಾಲಾಯಿತು. ಲಾರಿ ಕಾರ್ಖಾನೆ ಒಂಟಿಯಾಗಿ ಉಳಿಯಿತು. 2004ರ ಮಾರ್ಚ್‌ನಲ್ಲಿ ಅದನ್ನು 10.2 ಕೋಟಿ ಡಾಲರ್ ಕೊಟ್ಟು ಕೊಂಡದ್ದು ಟಾಟಾ ಮೋಟಾರ್ಸ್. ಆಗಿನ ದಿನಕ್ಕೆ ಇದು ದೊಡ್ಡ ಸುದ್ದಿ. ಭಾರತದ ಕಂಪನಿ ಕೊರಿಯಾಕ್ಕೆ ಹೋಗಿ ಲಾರಿ ಕಾರ್ಖಾನೆ ಕೊಳ್ಳುವುದು ಅಂದರೆ! ಟಾಟಾದವರು ಸೂಟು ಬೂಟು ಹಾಕಿಕೊಂಡು ಹೋಗಿ ದರ್ಬಾರು ಮಾಡಲಿಲ್ಲ. ಅಧಿಕಾರಿಗಳಿಗೆ ಕೊರಿಯನ್ ಪಾಠ ಹೇಳಿಸಿದರು. ಕಂಪನಿಯ ಆಡಳಿತವನ್ನು ಕೊರಿಯಾದವರ ಕೈಯಲ್ಲೇ ಬಿಟ್ಟರು. ಡೇವೂ ಹೆಸರನ್ನೂ ಉಳಿಸಿದರು.

ಟಾಟಾಗೆ ಇದರಿಂದ ಏನು ಸಿಕ್ಕಿತು? ಲಾರಿ ಮಾಲೀಕರು ಇಲ್ಲಿದ್ದೀರಿ, ಟಾಟಾ ಪ್ರೈಮಾ ನೋಡಿರುತ್ತೀರಿ. 2009ರಲ್ಲಿ ಬಂದ ಆ ಗಾಡಿ ಗುನ್ಸಾನ್‌ನವರ ಜೊತೆ ಕೂತು ಮಾಡಿದ್ದು. ಅದರ ಕ್ಯಾಬಿನ್‌ಗೂ ಆವರೆಗಿನ ನಮ್ಮ ಲಾರಿಗಳ ಕ್ಯಾಬಿನ್‌ಗೂ ಇದ್ದ ವ್ಯತ್ಯಾಸ ನಿಮಗೆ ನಾನು ಹೇಳಬೇಕಾ? ಹಲಗೆ ಮೇಲೆ ಕಂಬಳಿ ಹಾಸಿಕೊಂಡು ಗೇರ್‌ಬಾಕ್ಸಿನ ಬಿಸಿಯಲ್ಲಿ ಬೇಯುತ್ತಿದ್ದ ಡ್ರೈವರು, ಕ್ಲೀನರು ಒಂದು ಕಡೆ. ಗಾಳಿ ತುಂಬಿದ ಸೀಟಿನಲ್ಲಿ ಎಸಿ ಹಾಕಿಕೊಂಡು ಕೂತವನು ಇನ್ನೊಂದು ಕಡೆ. 3.5 ಟನ್‌ಗಿಂತ ಮೇಲಿನ ಹೊಸ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಅನ್ನುವ ನಿಯಮ ನಮ್ಮಲ್ಲಿ ಬಂದದ್ದು 2025ರ ಅಕ್ಟೋಬರಿನಲ್ಲಿ. ಅಂದರೆ ಪ್ರೈಮಾ ಬಂದು ಹದಿನಾರು ವರ್ಷ ಆದ ಮೇಲೆ. ಹೀಗಾಗಿ ನಮಗೆ ಸಿಕ್ಕ ಕೊರಿಯಾದ ಲಾರಿ ವಿದ್ಯೆ ಹ್ಯುಂಡೈ ಕಡೆಯಿಂದ ಬಂದದ್ದಲ್ಲ. ಟಾಟಾ ಬೋರ್ಡ್ ಹಾಕಿಕೊಂಡು ಬಂದದ್ದು.

ಡೈಮ್ಲರ್ ಏನು ಮಾಡಿತು ಗೊತ್ತಾ? ತಾನೇ ಭಾರತಕ್ಕೆ ಬಂದು ಚೆನ್ನೈ ಹತ್ತಿರ ಒರಗಡಂನಲ್ಲಿ ಕಾರ್ಖಾನೆ ಹಾಕಿತು. 2012ರಿಂದ ಭಾರತ್‌ಬೆಂಜ್ ಲಾರಿ ಅಲ್ಲಿಂದಲೇ ಹೊರಬರುತ್ತಿದೆ. ಹ್ಯುಂಡೈ ಕಾರು ಮಾಡುವ ಇರುಂಗಾಟ್ಟುಕೋಟೈ ಇರುವುದೂ ಅದೇ ಸೀಮೆಯಲ್ಲಿ. ಜಿಯೊಂಜುವಿನಲ್ಲಿ ಒಂದೇ ಸೂರಿನಡಿ ಲಾರಿ ಮಾಡಬೇಕಿದ್ದವರು ತಮಿಳುನಾಡಿನಲ್ಲಿ ಅಕ್ಕಪಕ್ಕದವರಾದರು. ಒಬ್ಬರು ಲಾರಿ, ಇನ್ನೊಬ್ಬರು ಕಾರು.

ಹಾಗಾದರೆ ಹ್ಯುಂಡೈ ಇಲ್ಲಿ ಲಾರಿ ಯಾಕೆ ಮಾಡಲಿಲ್ಲ? ಜಾಗ ಇತ್ತು, ದುಡ್ಡಿತ್ತು, ಹೆಸರಿತ್ತು. 2024ರಲ್ಲಿ ಶೇರು ಮಾರಿ 27,870 ಕೋಟಿ ರೂಪಾಯಿ ಎತ್ತಿದ ಕಂಪನಿ ಅದು.

ನನ್ನ ಅನಿಸಿಕೆ ಇಷ್ಟು. ಕಾರು ಮಾರುವುದಕ್ಕೆ ಶೋರೂಮ್ ಸಾಕು. ಲಾರಿ ಮಾರುವುದಕ್ಕೆ ರಸ್ತೆ ಗೊತ್ತಿರಬೇಕು. ಕಾರು ಕೊಳ್ಳುವವನು ಬಣ್ಣ ನೋಡುತ್ತಾನೆ, ಮೈಲೇಜ್ ಕೇಳುತ್ತಾನೆ. ಲಾರಿ ಕೊಳ್ಳುವವನು ಟನ್ನಿಗೆ, ಕಿಲೋಮೀಟರಿಗೆ ಎಷ್ಟು ಉಳಿಯುತ್ತದೆ ಅಂತ ಬೆರಳಲ್ಲೇ ಲೆಕ್ಕ ಹಾಕುತ್ತಾನೆ. ಕಾರು ಒಂದು ದಿನ ಕೆಟ್ಟರೆ ಆಟೊದಲ್ಲಿ ಹೋಗಬಹುದು. ಲಾರಿ ಒಂದು ದಿನ ನಿಂತರೆ ಬಾಡಿಗೆ ಹೋಯಿತು, ಕಂತು ಮಾತ್ರ ನಿಲ್ಲುವುದಿಲ್ಲ. ಹಿರಿಯೂರಿನ ಹತ್ತಿರ ರಾತ್ರಿ ಎರಡು ಗಂಟೆಗೆ ಲಾರಿಯ ಸ್ಪ್ರಿಂಗ್ ಪ್ಲೇಟು ಕಟ್ ಆದರೆ ಅಲ್ಲೇ ಯಾರಾದರೂ ಎದ್ದು ಬಂದು ಹಾಕಿಕೊಡಬೇಕು. ಆ ಪ್ಲೇಟು ಅಲ್ಲೇ ಸಿಗಬೇಕು. ಟಾಟಾ, ಲೇಲ್ಯಾಂಡ್ ಗಾಡಿಗೆ ಸಿಗುತ್ತದೆ. ಯಾಕೆಂದರೆ ಹಲವಾರು ದಶಕಗಳಿಂದ ಆ ಮೆಕ್ಯಾನಿಕ್ಕುಗಳು ಆ ಗಾಡಿ ಬಿಚ್ಚಿ ಬಿಚ್ಚಿಯೇ ದೊಡ್ಡವರಾಗಿದ್ದಾರೆ. ಈ ಜಾಲವನ್ನು ದುಡ್ಡು ಕೊಟ್ಟು ಕೊಳ್ಳುವುದಕ್ಕೆ ಆಗುವುದಿಲ್ಲ.

ಹೊರಗಿನಿಂದ ಬಂದವರ ಕಥೆ ನೋಡಿದರೂ ಅದೇ. ಜರ್ಮನಿಯ ಮ್ಯಾನ್ 2018ರಲ್ಲಿ ಇಲ್ಲಿಂದ ಜಾಗ ಖಾಲಿ ಮಾಡಿತು. ನಮ್ಮ ಕೋಲಾರದ ಹತ್ತಿರ ನರಸಾಪುರದಲ್ಲಿ ಸ್ಕ್ಯಾನಿಯಾದವರು ಬಸ್ಸಿನ ಕಾರ್ಖಾನೆ ಹಾಕಿದರು, ಅದೂ ನಿಂತಿತು. ಹೊಸಕೋಟೆಯಲ್ಲಿ ನೆಲೆ ನಿಂತ ವೋಲ್ವೊ ಕೂಡ 2008ರಲ್ಲಿ ಐಷರ್ ಜೊತೆ ಕೈ ಜೋಡಿಸಿತು. ಒಂಟಿಯಾಗಿ ಬಂದು ಗೆಲ್ಲುವುದು ಕಷ್ಟ.

(ದಮ್ಮಾಮ್‌ನಲ್ಲಿದ್ದವರು: "ಸೌದಿಯಲ್ಲಿ ಹೆಂಗೆ ನಡೀತು ಮತ್ತೆ?")

ಒಳ್ಳೇ ಪ್ರಶ್ನೆ. ಅಲ್ಲಿ ಊರಿನವರದೇ ಅಂತ ಹಳೇ ಲಾರಿ ಕಂಪನಿ ಇಲ್ಲ. ಎಲ್ಲವೂ ಹೊರಗಿನದೇ. ಹಾಗಾಗಿ ಹೊಸಬರಿಗೂ ಜಾಗ ಇದೆ. ಹ್ಯುಂಡೈ ಲಾರಿ ಗೆದ್ದ ಕಡೆಗಳನ್ನು ನೋಡಿದರೆ ಹೆಚ್ಚಿನವು ಇಂಥವೇ ದೇಶಗಳು. ಅಲ್ಲಿಗೆ ಹೋಗುವ ದಾರಿ ಎರಡು. ಒಂದು, ಪೂರ್ತಿ ಗಾಡಿಯನ್ನೇ ಹಡಗಿಗೆ ಹತ್ತಿಸುವುದು. ಇನ್ನೊಂದು, ಬಿಡಿ ಭಾಗಗಳನ್ನು ಪೆಟ್ಟಿಗೆಯಲ್ಲಿ ಕಳಿಸಿ ಅಲ್ಲಿಯವರ ಕೈಯಲ್ಲಿ ಜೋಡಿಸುವುದು. ಎರಡನೆಯದಕ್ಕೆ ಸಿಕೆಡಿ ಅನ್ನುತ್ತಾರೆ, ನೀವು ಪರೀಕ್ಷೆಗೆ ಓದಿರುತ್ತೀರಿ. ಸುಂಕ ಉಳಿಯುತ್ತದೆ, ಅಲ್ಲಿಯ ಸರ್ಕಾರಕ್ಕೂ ಸಮಾಧಾನ. ವಿಯೆಟ್ನಾಂನಲ್ಲಿ ಥಾನ್ ಕಾಂಗ್ ಅನ್ನುವ ಕಂಪನಿ ಹ್ಯುಂಡೈ ಗಾಡಿ ಜೋಡಿಸುತ್ತದೆ, ಥಾಕೊ ಅನ್ನುವುದು ಕಿಯಾ ಲಾರಿ ಜೋಡಿಸುತ್ತದೆ. ಪಾಕಿಸ್ತಾನದಲ್ಲಿ ಪೋರ್ಟರ್ ಸಿಗುತ್ತದೆ. ಇಥಿಯೋಪಿಯಾದಲ್ಲಿ ಹ್ಯುಂಡೈ ಜೋಡಣೆ ಹಿಡಿದದ್ದು ಯಾರು ಅಂತ ಹೇಳಿದರೆ ನಂಬುವುದಿಲ್ಲ. ಹೈಲೆ ಗೆಬ್ರೆಸಲಾಸಿ! ಒಲಿಂಪಿಕ್ಸ್‌ನಲ್ಲಿ 10 ಸಾವಿರ ಮೀಟರ್ ಓಡಿ ಎರಡು ಸಲ ಚಿನ್ನ ಗೆದ್ದವನು. ಕಂಪನಿಗೆ ಇಟ್ಟ ಹೆಸರು ಮ್ಯಾರಥಾನ್ ಮೋಟಾರ್.

ಹಳೇ ಗಾಡಿಗಳ ದಾರಿ ಬೇರೆಯೇ. ಕೊರಿಯಾದಲ್ಲಿ ಓಡಿ ಹಳತಾದ ಬಸ್ಸು, ಲಾರಿಗಳು ಮ್ಯಾನ್ಮಾರ್, ಮಂಗೋಲಿಯಾ, ಲಾವೋಸ್ ಕಡೆಗೆ ಹೋಗಿವೆ. ಮೇಲೆ ಬರೆದ ಕೊರಿಯನ್ ಅಕ್ಷರಗಳನ್ನು ಕೊಂಡವರು ಎಷ್ಟೋ ಸಲ ಅಳಿಸುವುದೇ ಇಲ್ಲ. ಸಿಯೋಲ್‌ನ ಯಾವುದೋ ಬಡಾವಣೆಯ ಹೆಸರು ಹೊತ್ತ ಬಸ್ಸು ಯಾಂಗೋನ್‌ನಲ್ಲಿ ಜನ ತುಂಬಿಕೊಂಡು ಹೋಗುತ್ತಿರುತ್ತದೆ. ಆ ಅಕ್ಷರ ಇದ್ದರೆ ಅಸಲಿ ಕೊರಿಯಾ ಮಾಲು ಅಂತ ಸಾಬೀತಾದ ಹಾಗೆ. ಜಾಹೀರಾತಿಗೆ ಕಂಪನಿ ಒಂದು ಪೈಸೆ ಖರ್ಚು ಮಾಡಿಲ್ಲ ನೋಡಿ.

ಚೀನಾದ ಮಾತನ್ನು ಬೇಗ ಮುಗಿಸುತ್ತೇನೆ. ಸಿಚುವಾನ್ ಪ್ರಾಂತ್ಯದ ಜಿಯಾಂಗ್‌ನಲ್ಲಿ ಅಲ್ಲಿಯ ಕಂಪನಿಯೊಂದರ ಜೊತೆ ಸೇರಿ ಹ್ಯುಂಡೈ ಲಾರಿ ಕಾರ್ಖಾನೆ ಮಾಡಿತು. ಅಂದುಕೊಂಡಷ್ಟು ನಡೆಯಲಿಲ್ಲ. 2020ರಲ್ಲಿ ಪೂರ್ತಿ ಪಾಲನ್ನು ತಾನೇ ಕೊಂಡಿತು. ಚೀನಾದಲ್ಲಿ ಊರಿನವರದೇ ಲಾರಿ ಕಂಪನಿಗಳಿವೆ, ಅದೂ ದೈತ್ಯರು. ನಾನು ಹೇಳಿದ ಮಾತು ಅಲ್ಲೂ ನಿಲ್ಲುತ್ತದೆ.

ಈಗ ನನಗೆ ತುಂಬ ಇಷ್ಟವಾದ ಭಾಗ. ಸ್ವಿಟ್ಜರ್ಲೆಂಡ್.

2020ರಲ್ಲಿ ಹ್ಯುಂಡೈ ಎಕ್ಸಿಯೆಂಟ್ ಅನ್ನುವ ದೊಡ್ಡ ಲಾರಿಯನ್ನು ಹೈಡ್ರೋಜನ್‌ನಲ್ಲಿ ಓಡುವ ಹಾಗೆ ಮಾಡಿತು. ಜುಲೈನಲ್ಲಿ ಮೊದಲ 10 ಗಾಡಿ ಹಡಗು ಹತ್ತಿದವು. ಅಕ್ಟೋಬರಿನಲ್ಲಿ ಗಿರಾಕಿಗಳ ಕೈಗೆ ಬಂದವು. ತಲಾ 95 ಕಿಲೋವ್ಯಾಟ್‌ನ ಎರಡು ಫ್ಯೂಯೆಲ್ ಸೆಲ್. ಕ್ಯಾಬಿನ್ ಹಿಂದೆ 7 ಟ್ಯಾಂಕು, ಅದರಲ್ಲಿ 32 ಕಿಲೋ ಹೈಡ್ರೋಜನ್. ಒಂದು ಸಲ ತುಂಬಿದರೆ ಸುಮಾರು 400 ಕಿಲೋಮೀಟರ್. ಹೊಗೆ ಕೊಳವೆಯಿಂದ ಬರುವುದು ಬರೀ ನೀರಿನ ಹಬೆ. ಇಲ್ಲಿ ಎಂಜಿನ್ ಇಲ್ಲ ಅನ್ನುವುದನ್ನು ಹುಡುಗರು ಮರೆಯಬಾರದು. ಹೈಡ್ರೋಜನ್ ಉರಿಯುವುದಿಲ್ಲ. ಗಾಳಿಯ ಆಮ್ಲಜನಕದ ಜೊತೆ ಸೇರಿ ಕರೆಂಟ್ ಹುಟ್ಟುತ್ತದೆ, ಆ ಕರೆಂಟು ಮೋಟಾರ್ ತಿರುಗಿಸುತ್ತದೆ.

ಸರಿ, ಸ್ವಿಟ್ಜರ್ಲೆಂಡೇ ಯಾಕೆ? ಪಕ್ಕದ ಜರ್ಮನಿ ದೊಡ್ಡ ಮಾರುಕಟ್ಟೆ ಅಲ್ವಾ? ಉತ್ತರ ಇರುವುದು ತಂತ್ರಜ್ಞಾನದಲ್ಲಲ್ಲ, ತೆರಿಗೆಯಲ್ಲಿ. ಸ್ವಿಟ್ಜರ್ಲೆಂಡ್ 2001ರಿಂದ ದೊಡ್ಡ ಲಾರಿಗಳ ಮೇಲೆ ಒಂದು ಸುಂಕ ಹಾಕುತ್ತದೆ. ತೂಕ ಎಷ್ಟು, ಎಷ್ಟು ದೂರ ಓಡಿತು, ಎಷ್ಟು ಹೊಗೆ ಬಿಟ್ಟಿತು, ಇದೆಲ್ಲ ಸೇರಿಸಿ ಲೆಕ್ಕ. ದೊಡ್ಡ ಡೀಸೆಲ್ ಲಾರಿಗೆ ಕಿಲೋಮೀಟರಿಗೆ ಒಂದು ಫ್ರಾಂಕ್‌ನ ಆಸುಪಾಸು ಬೀಳುತ್ತದೆ. ನಮ್ಮ ದುಡ್ಡಲ್ಲಿ ನೂರು ರೂಪಾಯಿಯ ಹತ್ತಿರ. (ಮಾಲೀಕರ ಸಾಲಿನಿಂದ "ಅಯ್ಯಯ್ಯೋ" ಅನ್ನುವ ಸದ್ದು.) ಹೌದು, ನಮ್ಮ ಟೋಲಿಗೆ ಬೈಯುವ ಮುಂಚೆ ಇದನ್ನು ನೆನಪಿಡಿ. ಹೊಗೆ ಬಿಡದ ಗಾಡಿಗೆ ಈ ಸುಂಕ ಇರಲಿಲ್ಲ. ಗಾಡಿ ಎಷ್ಟೇ ದುಬಾರಿಯಾದರೂ ಈ ಉಳಿತಾಯದಲ್ಲಿ ಲೆಕ್ಕ ಸರಿಹೋಗುತ್ತಿತ್ತು.

ಇನ್ನೊಂದು ಜಾಣತನ ನೋಡಿ. ಲಾರಿ ಇಲ್ಲದೆ ಬಂಕ್ ಹಾಕುವವರಿಲ್ಲ, ಬಂಕ್ ಇಲ್ಲದೆ ಲಾರಿ ಕೊಳ್ಳುವವರಿಲ್ಲ. ಈ ಗಂಟನ್ನು ಬಿಡಿಸಿದ್ದು ಅಲ್ಲಿನ ಸೂಪರ್‌ಮಾರ್ಕೆಟ್‌ನವರು. ಕೋಪ್, ಮಿಗ್ರೋಸ್ ಅಂತ ಎರಡು ದೊಡ್ಡ ಸರಣಿಗಳಿವೆ, ಪೆಟ್ರೋಲ್ ಬಂಕ್‌ಗಳೂ ಅವರದ್ದಿವೆ. ಲಾರಿಯೂ ನಮ್ಮದೇ, ಬಂಕೂ ನಮ್ಮದೇ ಅಂತ ಎಲ್ಲರನ್ನೂ ಸೇರಿಸಿ ಸಂಘ ಮಾಡಿಕೊಂಡರು. ಹೈಡ್ರೋಜನ್ ಎಲ್ಲಿಂದ? ಆರೆ ನದಿಯ ಮೇಲೆ ಗೊಸ್‌ಗೆನ್ ಅನ್ನುವ ಕಡೆ ಜಲವಿದ್ಯುತ್ ಕೇಂದ್ರ ಇದೆ. ಅಲ್ಲೇ 2 ಮೆಗಾವ್ಯಾಟ್‌ನ ಘಟಕ ಹಾಕಿ ನೀರು ಒಡೆದು ಹೈಡ್ರೋಜನ್ ತೆಗೆದರು.

ಮತ್ತೆ ಹ್ಯುಂಡೈ ಲಾರಿಯನ್ನು ಮಾರಲೇ ಇಲ್ಲ! ಬಾಡಿಗೆಗೆ ಕೊಟ್ಟಿತು. ಓಡಿದ ಕಿಲೋಮೀಟರಿಗೆ ಇಷ್ಟು ಅಂತ. ಅದರಲ್ಲೇ ರಿಪೇರಿ, ವಿಮೆ, ಹೈಡ್ರೋಜನ್ ಎಲ್ಲ ಬಂತು. ಹೊಸ ಗಾಡಿಯ ಭಯ ಗಿರಾಕಿಗೆ ಇಲ್ಲ, ಕಂಪನಿ ತಲೆಗೆ.

2025ರ ಹೊತ್ತಿಗೆ 1,600 ಲಾರಿ ಅಂತ ಗುರಿ ಇತ್ತು. ಆದದ್ದು? 2024ರ ನಡುವಿಗೆ 48. ಆ 48 ಲಾರಿಗಳು ಸೇರಿ ಒಂದು ಕೋಟಿ ಕಿಲೋಮೀಟರ್ ದಾಟಿಸಿದವು, ಅದು ಸಣ್ಣ ಮಾತಲ್ಲ. ಆದರೆ 1,600 ಎಲ್ಲಿ, 48 ಎಲ್ಲಿ. 2022ರಲ್ಲಿ ಯುರೋಪಿನಲ್ಲಿ ಕರೆಂಟಿನ ದರ ಆಕಾಶಕ್ಕೆ ಹೋಯಿತು. ಕರೆಂಟಿನಿಂದ ತೆಗೆಯುವ ಹೈಡ್ರೋಜನ್ ಕೂಡ ಅದರ ಹಿಂದೆಯೇ ಹೋಯಿತು. ಅಷ್ಟರಲ್ಲಿ ಬ್ಯಾಟರಿ ಲಾರಿಗಳೂ ಬಂದವು.

ಅಮೆರಿಕದಲ್ಲಿ ಓಕ್‌ಲ್ಯಾಂಡ್ ಬಂದರಿನಲ್ಲಿ ಇಂಥ 30 ಲಾರಿ ಇಳಿಸಿದರು. ಜಾರ್ಜಿಯಾದ ತಮ್ಮ ಹೊಸ ಕಾರು ಕಾರ್ಖಾನೆಗೆ ಬಿಡಿ ಭಾಗ ಸಾಗಿಸಲು 21 ಇಟ್ಟುಕೊಂಡರು. ತನ್ನ ಲಾರಿಗೆ ತಾನೇ ಗಿರಾಕಿ. ಇದನ್ನು ಕೆಲವರು ನಗೆಯಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹೊಸ ಅಡುಗೆಯನ್ನು ಮೊದಲು ಮನೆಯವರೇ ತಿಂದು ನೋಡುವುದು ಒಳ್ಳೆಯದೇ.

ನಮ್ಮ ಕಡೆಯ ಸುದ್ದಿ ಒಂದಿದೆ. 2025ರ ಜನವರಿಯಲ್ಲಿ ದೆಹಲಿಯ ವಾಹನ ಮೇಳದಲ್ಲಿ ಹ್ಯುಂಡೈ ಕರೆಂಟಿನ ಮೂರು ಚಕ್ರದ ಆಟೊ ಮತ್ತು ಒಂದು ಪುಟ್ಟ ನಾಲ್ಕು ಚಕ್ರದ ಗಾಡಿಯ ಮಾದರಿ ಇಟ್ಟಿತು. ಜೊತೆಗಾರರು ಹೊಸೂರಿನ ಟಿವಿಎಸ್. ಅಂದರೆ ಕಾರು ತಂದು ಇಷ್ಟು ವರ್ಷ ಆದ ಮೇಲೆ ದುಡಿಯುವ ಗಾಡಿ ತರಬೇಕು ಅಂದಾಗ ಹ್ಯುಂಡೈ ಒಂಟಿಯಾಗಿ ಬರಲಿಲ್ಲ. ನಮ್ಮ ಓಣಿ ಗೊತ್ತಿರುವವರ ಕೈ ಹಿಡಿದು ಬಂತು. ಅದೂ ಲಾರಿಯಲ್ಲ, ಆಟೊ.

ಪ್ರಶ್ನೆ ಇದ್ದರೆ ಕೇಳಿ.

(ಮುಂದಿನ ಸಾಲಿನ ಲಾರಿ ಮಾಲೀಕರೊಬ್ಬರು ಎದ್ದರು: "ಸರ, ಆ ಸ್ವಿಟ್ಜರ್ಲೆಂಡ್ ಲೆಕ್ಕ ಹೇಳಿದ್ರಲ್ಲ, ಕಿಲೋಮೀಟರಿಗೆ ಇಷ್ಟು ಬಾಡಿಗೆ ಅಂತ. ಖಾಲಿ ವಾಪಸ್ ಬಂದ್ರೂ ಕಟ್ಟಬೇಕೇನ್ರಿ?")

ಕಟ್ಟಬೇಕು. ಲೋಡು ಇರಲಿ, ಇಲ್ಲದಿರಲಿ, ಚಕ್ರ ತಿರುಗಿದ್ದಕ್ಕೆ ದುಡ್ಡು. ಆದರೆ ಅಲ್ಲಿ ಅದನ್ನು ಓಡಿಸುವವರು ಸೂಪರ್‌ಮಾರ್ಕೆಟ್‌ನವರು. ಗೋದಾಮಿನಿಂದ ಅಂಗಡಿಗೆ, ಅಂಗಡಿಯಿಂದ ಗೋದಾಮಿಗೆ. ದಿನಾ ಅದೇ ದಾರಿ. ವಾಪಸ್ ಬರುವಾಗ ಖಾಲಿ ಕ್ರೇಟು ತರುತ್ತಾರೆ. ಎಷ್ಟು ಖಾಲಿ ಓಡುತ್ತದೆ ಅನ್ನುವುದು ವರ್ಷದ ಮೊದಲೇ ಗೊತ್ತು.

("ನಮಗೆ ಗುವಾಹಟಿಗೆ ಹೋದ ಮ್ಯಾಲೆ ವಾಪಸ್ ಲೋಡು ಸಿಗೋಕೆ ನಾಕು ದಿನ ಆಗ್ತತಿ, ಎಂಟು ದಿನಾನೂ ಆಗ್ತತಿ. ಹಂಗಾದ್ರೆ ಆ ಗಾಡಿ ನಮಗಲ್ಲ ಬಿಡ್ರಿ" ಎಂದು ಅವರು ಕೂತರು. ಪಕ್ಕದವರು ಆಗಲೇ ಮೊಬೈಲಿನಲ್ಲಿ ಕಿಲೋಮೀಟರಿಗೆ ನೂರು ರೂಪಾಯಿ ಸುಂಕದ ಲೆಕ್ಕದಲ್ಲಿ ದಾವಣಗೆರೆಯಿಂದ ಬೆಂಗಳೂರಿಗೆ ಎಷ್ಟಾಗುತ್ತದೆ ಅಂತ ಗುಣಿಸುತ್ತಿದ್ದರು.)